ಹನ್ನೊಂದು ಪುಟಗಳ ಒಪ್ಪಿಗೆ ಪತ್ರ: ಪಲಾವುವನ್ ಅನುವಾದದ ಒಂದು ಪ್ರಕರಣ ಅಧ್ಯಯನ

ಹವಾಯಿಯ ಒಂದು ಆಸ್ಪತ್ರೆಗಾಗಿ ಹನ್ನೊಂದು ಪುಟಗಳ ಕಡತವೊಂದನ್ನು ಇಂಗ್ಲಿಷಿನಿಂದ ಪಲಾವುವನ್ ಭಾಷೆಗೆ ತರುವ ಕೆಲಸ ಬೆಂಗಳೂರಿನಲ್ಲಿರುವ ನಮ್ಮ ಭಾಷಾ ಸೇವಾ ಸಂಸ್ಥೆಗೆ ಬಂದಿತ್ತು. ಶಸ್ತ್ರಚಿಕಿತ್ಸೆಗೆ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರ, ಹಿಂದಿನ ಕಾಯಿಲೆಗಳನ್ನೂ ಅಭ್ಯಾಸಗಳನ್ನೂ ಕೇಳುವ ಪ್ರಶ್ನಾವಳಿ, ಮನೆಗೆ ಹೋದ ಮೇಲೆ ಔಷಧ ತೆಗೆದುಕೊಳ್ಳುವ ಸೂಚನೆಗಳು, ಹೀಗೆ ಮೂರು ಭಾಗಗಳು ಅದರಲ್ಲಿದ್ದವು. ಸಂಯೋಜಕನಾಗಿ ಕೆಲಸದ ಪೂರ್ತಿ ಹೊಣೆ ನನ್ನದಾಗಿತ್ತು. ನನಗೆ ಪಲಾವುವನ್ ಬಾರದು. ಆ ಭಾಷೆಯ ಬಗ್ಗೆ ಇಲ್ಲಿ ಹೇಳಿರುವುದೆಲ್ಲ ಅದರ ವ್ಯಾಕರಣ, ನಿಘಂಟುಗಳಿಂದ ಮತ್ತು ಅದನ್ನು ಮನೆಮಾತಾಗಿ ಆಡುವ ಇಬ್ಬರಿಂದ ಕಲಿತದ್ದು. ಅವರ ಕೋರಿಕೆಯಂತೆ ಅವರ ಹೆಸರುಗಳನ್ನು ಇಲ್ಲಿ ಬರೆದಿಲ್ಲ.

ಈ ಪ್ರಕರಣವನ್ನು ಬರೆದಿಡಲು ಕಾರಣವಿದೆ. ಅನುವಾದದ ಗುಣಮಟ್ಟ ಕಾಯಲು ನಮ್ಮ ವೃತ್ತಿಯಲ್ಲಿ ಯಾವ ಯಾವ ಕ್ರಮಗಳಿವೆಯೋ ಅವೆಲ್ಲವನ್ನೂ ನಾವು ಪಾಲಿಸಿದ್ದೆವು. ಆದರೂ ರೋಗಿಯನ್ನು ನೇರವಾಗಿ ದಾರಿ ತಪ್ಪಿಸಬಹುದಾದ ಒಂದು ತಪ್ಪು ಆ ಜರಡಿಗಳನ್ನೆಲ್ಲ ದಾಟಿ ಹೋಯಿತು. ಕೊನೆಗೆ ಅದನ್ನು ಹಿಡಿದವರು ಅನುವಾದದ ಕೆಲಸವನ್ನೇ ಎಂದೂ ಮಾಡಿರದ ಒಬ್ಬ ವೃದ್ಧೆ.

ಭಾಷೆ ಮತ್ತು ಅದನ್ನಾಡುವವರು

ಪಲಾವು ಫಿಲಿಪ್ಪೀನ್ಸಿನ ಪೂರ್ವಕ್ಕೆ, ಪಶ್ಚಿಮ ಪೆಸಿಫಿಕ್ ಸಾಗರದಲ್ಲಿರುವ ದ್ವೀಪರಾಷ್ಟ್ರ. ಅಲ್ಲಿಯವರು ಅದನ್ನು ಬೆಲಾವು ಎನ್ನುತ್ತಾರೆ. 2020ರ ಜನಗಣತಿಯ ಪ್ರಕಾರ ದೇಶದ ಒಟ್ಟು ಜನಸಂಖ್ಯೆ 17,614. ಹೊರದೇಶಗಳಿಂದ ದುಡಿಯಲು ಬಂದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಸ್ಪೇನ್, ಜರ್ಮನಿ, ಜಪಾನ್, ಅಮೆರಿಕ ಒಂದರ ನಂತರ ಒಂದು ಆಳಿದ ಮೇಲೆ, 1994ರ ಅಕ್ಟೋಬರ್ 1ರಂದು ಪಲಾವು ಸ್ವತಂತ್ರವಾಯಿತು. ಅಂದೇ ಜಾರಿಗೆ ಬಂದ ಮುಕ್ತ ಸಹಯೋಗದ ಒಪ್ಪಂದದಂತೆ ಅಲ್ಲಿನ ಪ್ರಜೆಗಳು ವೀಸಾ ಇಲ್ಲದೆಯೇ ಅಮೆರಿಕದಲ್ಲಿ ನೆಲೆಸಿ ದುಡಿಯಬಹುದು. ಗುವಾಮ್, ಹವಾಯಿ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ರಾಜ್ಯಗಳಲ್ಲಿ ಪಲಾವುವಿನ ಕುಟುಂಬಗಳಿರುವುದು ಹೀಗೆ.

1996ರ ಒಂದು ಅಮೆರಿಕನ್ ಕಾನೂನು ಈ ಜನರನ್ನು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯಿಂದ ಹೊರಗಿಟ್ಟಿತು. 2020ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ಕಾನೂನು ಅದನ್ನು ಮರಳಿ ಕೊಟ್ಟಿತು. ನಡುವೆ ಸುಮಾರು ಕಾಲು ಶತಮಾನ ಕಳೆದಿತ್ತು. ಕೇಂದ್ರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗಳಿಗೆ ಅವರ ಭಾಷೆಯಲ್ಲಿ ನೆರವು ಒದಗಿಸಬೇಕೆಂದು 2010ರ ಆರೋಗ್ಯ ಕಾಯ್ದೆಯ 1557ನೆಯ ಸೆಕ್ಷನ್ ಹೇಳುತ್ತದೆ. ರೋಗಿಯ ಹಕ್ಕಿಗೋ ಚಿಕಿತ್ಸೆಗೋ ಸಂಬಂಧಿಸಿದ ಮುಖ್ಯ ಪಠ್ಯವನ್ನು ಯಂತ್ರದಿಂದ ಅನುವಾದಿಸಿದರೆ ಅರ್ಹ ಅನುವಾದಕರು ಅದನ್ನು ಪರಿಶೀಲಿಸಲೇಬೇಕೆಂದು 2024ರ ನಿಯಮಗಳು ಸೇರಿಸಿವೆ. ನಮಗೆ ಬಂದ ಕಡತದ ಹಿನ್ನೆಲೆ ಇಷ್ಟು.

1979ರಲ್ಲಿ ರಚನೆಯಾಗಿ 1981ರಲ್ಲಿ ಜಾರಿಗೆ ಬಂದ ಪಲಾವುವಿನ ಸಂವಿಧಾನವು ಪಲಾವುವನ್ ಮತ್ತು ಇಂಗ್ಲಿಷ್ ಎರಡನ್ನೂ ಆಡಳಿತ ಭಾಷೆಗಳನ್ನಾಗಿ ಮಾಡಿದೆ. ಅಂದರೆ ಇದು ಮೂಲೆಗೆ ಸರಿದ ಮಾತಲ್ಲ, ಒಂದು ದೇಶದ ರಾಜಭಾಷೆ. ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರಿದರೂ ಅದು ಮೈಕ್ರೊನೇಷ್ಯದ ಚೂಕೀಸ್, ಮಾರ್ಶಲೀಸ್ ಭಾಷೆಗಳ ಉಪಶಾಖೆಗೆ ಸೇರಿದ್ದಲ್ಲ. ಪಕ್ಕದ ದ್ವೀಪದ ಭಾಷೆ ಬಲ್ಲವರು ಇದನ್ನೂ ನಿಭಾಯಿಸಬಹುದೆಂಬ ಎಣಿಕೆ ಗ್ರಾಹಕರಲ್ಲಿ ಆಗಾಗ ಕಾಣುತ್ತದೆ, ಅದು ತಪ್ಪು.

ಮೊದಲ ತಪ್ಪು ನಮ್ಮದೇ

ಕೆಲಸವನ್ನು ದಾಖಲಿಸುವ ನಮ್ಮ ತಂತ್ರಾಂಶದ ಭಾಷಾ ಪಟ್ಟಿಯಲ್ಲಿ ಪಲಾವುವನ್ ಇರಲಿಲ್ಲ. ಕನ್ನಡಕ್ಕೆ ‘ಕೆಎನ್’ ಇರುವಂತೆ ಅನೇಕ ಭಾಷೆಗಳಿಗೆ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತವಿದೆ. ಪಲಾವುವನ್‌ಗೆ ಇರುವುದು ‘ಪಿಎಯು’ ಎಂಬ ಮೂರಕ್ಷರದ ಸಂಕೇತ ಮಾತ್ರ. ಎರಡಕ್ಷರದ ಪಟ್ಟಿಯನ್ನಷ್ಟೇ ಆಧರಿಸಿದ ತಂತ್ರಾಂಶಗಳಲ್ಲಿ ಅದು ಕಾಣುವುದೇ ಇಲ್ಲ. ಕೆಲಸ ದಾಖಲಿಸಿದವರು ಹೆಸರಿನ ಹೋಲಿಕೆ ನೋಡಿ ಪೂರೈಕೆದಾರರ ಪಟ್ಟಿಯಿಂದ ಫಿಲಿಪ್ಪೀನ್ಸಿನ ಪಲವಾನ್ ದ್ವೀಪದ ಭಾಷೆಯನ್ನು ಆರಿಸಿಬಿಟ್ಟರು. ಕಡತ ಅಲ್ಲಿನ ಅನುವಾದಕರೊಬ್ಬರಿಗೆ ಹೋಯಿತು. ಅವರು ಮರುದಿನವೇ, ತಮ್ಮ ಭಾಷೆ ಇದಲ್ಲ, ಪಲಾವು ಬೇರೆಯದೇ ದೇಶ ಎಂದು ಸೌಜನ್ಯದಿಂದ ಬರೆದು ಕಡತವನ್ನು ಹಿಂದಿರುಗಿಸಿದರು. ಅವರು ಸುಮ್ಮನೆ ಅನುವಾದ ಮಾಡಿ ಕಳಿಸಿದ್ದರೆ ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನದ ನಷ್ಟಕ್ಕಿಂತ ಈ ಯೋಚನೆಯೇ ನನ್ನನ್ನು ಹೆಚ್ಚು ಕಲಕಿತು.

ಆ ಮೇಲೆ ಸರಿಯಾದ ಅನುವಾದಕರ ಹುಡುಕಾಟ ನಡೆಯಿತು. ಇಷ್ಟು ಕಡಿಮೆ ಜನರಿರುವ ಭಾಷೆಯಲ್ಲಿ ಅನುವಾದವನ್ನೇ ಪೂರ್ಣಾವಧಿ ಉದ್ಯೋಗವಾಗಿ ಮಾಡಿಕೊಂಡವರು ಸಿಗುವುದು ಕಷ್ಟ. ಶಾಲೆ, ನ್ಯಾಯಾಲಯ, ಚರ್ಚು, ರೇಡಿಯೊಗಳಲ್ಲಿ ದುಡಿಯುತ್ತ ಎರಡೂ ಭಾಷೆಗಳನ್ನು ದಿನವೂ ಬಳಸುವವರಲ್ಲಿಯೇ ಹುಡುಕಬೇಕು. ಗುವಾಮ್‌ನಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು ಅನುವಾದಕ್ಕೆ ಒಪ್ಪಿದರು. ಐಎಸ್ಒ 17100 ಮಾನದಂಡದಂತೆ ಅನುವಾದವನ್ನು ಎರಡನೆಯವರೊಬ್ಬರು ಮೂಲದೊಡನೆ ಹೋಲಿಸಿ ಪರಿಷ್ಕರಿಸಬೇಕು. ಅದಕ್ಕೆ ಪಲಾವುವಿನ ಕೊರೋರ್ ಪಟ್ಟಣದಲ್ಲಿದ್ದ, ಆರೋಗ್ಯ ಕ್ಷೇತ್ರದ ಅನುಭವವಿದ್ದ ಮಹಿಳೆಯೊಬ್ಬರು ಸಿಕ್ಕರು. ನಮ್ಮಲ್ಲಿ ಬೆಳಿಗ್ಗೆ ಹತ್ತಾದಾಗ ಕೊರೋರ್‌ನಲ್ಲಿ ಮಧ್ಯಾಹ್ನ ಒಂದೂವರೆ, ಹೊನೊಲುಲುವಿನಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಮೂವರೂ ಒಟ್ಟಿಗೆ ಮಾತನಾಡಲು ಸಿಗುತ್ತಿದ್ದದ್ದು ಆ ಒಂದು ಗಂಟೆ ಮಾತ್ರ.

ಗೌಪ್ಯತೆಯ ಕರಾರು ಕಳಿಸಿದಾಗ ಕೊರೋರ್‌ನವರು ಸಹಿ ಹಾಕುವ ಮೊದಲು ಒಂದು ಮಾತು ಹೇಳಿದರು. ಖಾಲಿ ನಮೂನೆಯನ್ನು ಎಷ್ಟು ಬೇಕಾದರೂ ನೋಡಿಕೊಡುತ್ತೇನೆ, ಆದರೆ ರೋಗಿ ತುಂಬಿದ ನಮೂನೆಯನ್ನು ನನಗೆ ಕಳಿಸಬೇಡಿ, ಹೆಸರು ಅಳಿಸಿದರೂ ಊರು, ವಯಸ್ಸು, ಕಾಯಿಲೆ ನೋಡಿದರೆ ಯಾರೆಂದು ನನಗೆ ತಿಳಿದುಬಿಡುತ್ತದೆ ಎಂದು. ಹೆಸರು ತೆಗೆದರೆ ಗುರುತು ಹೋಗುತ್ತದೆ ಎಂಬುದು ಕೋಟಿಗಟ್ಟಲೆ ಜನರಿರುವ ಭಾಷೆಗೆ ಒಪ್ಪುವ ಮಾತು. ತುಂಬಿದ ನಮೂನೆಗಳನ್ನು ಸಮುದಾಯದ ಒಳಗಿನವರಿಗೆ ಕಳಿಸುವಂತಿಲ್ಲ, ಅನಿವಾರ್ಯವಾದರೆ ಮೊದಲು ರೋಗಿಯ ಅನುಮತಿ ಪಡೆಯಬೇಕು ಎಂಬ ಷರತ್ತನ್ನು ಕರಾರಿಗೆ ಸೇರಿಸಿದೆವು.

ಪಠ್ಯದೊಳಗಿನ ತೊಡಕುಗಳು

ಲಿಪಿಯಿಂದಲೇ ಚರ್ಚೆ ಶುರುವಾಯಿತು. ಪಲಾವುವನ್ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಒಂದು ಧ್ವನಿಗೆ ಒಂದೇ ಚಿಹ್ನೆ ಎಂಬ ತತ್ವದ ಮೇಲೆ 1970ರ ದಶಕದ ಆರಂಭದಲ್ಲಿ ಹವಾಯಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳ ನೆರವಿನಿಂದ ಒಂದು ಸಮಿತಿ ಕಾಗುಣಿತವನ್ನು ಕ್ರಮಗೊಳಿಸಿತು. ಆದರೆ ಜನರ ಕೈಯಲ್ಲಿ ಹಳೆಯ ರೂಢಿಗಳೂ ಉಳಿದಿವೆ. ಶಿಕ್ಷಕಿ ತಾವು ಚರ್ಚಿನ ಪುಸ್ತಕಗಳಲ್ಲಿ ಓದಿ ಬೆಳೆದಂತೆ ಬರೆದರೆ, ಕೊರೋರ್‌ನವರು ಕ್ರಮಗೊಳಿಸಿದ ಕಾಗುಣಿತವನ್ನು ಬಳಸುತ್ತಿದ್ದರು. ಇಬ್ಬರೂ 1990ರಲ್ಲಿ ಬಂದ ಲೂಯಿಸ್ ಜೋಸೆಫ್ಸ್ ಅವರ ಪಲಾವುವನ್–ಇಂಗ್ಲಿಷ್ ನಿಘಂಟನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ರೂಪವನ್ನೇ ಎಲ್ಲೆಡೆ ಬಳಸುವುದೆಂದು ಒಪ್ಪಿಕೊಂಡರು. ಆ ಭಾಷೆಯಲ್ಲಿ ‘ಸಿಎಚ್’ ಎಂಬ ಜೋಡಿ ಅಕ್ಷರ ಕಂಡರೆ ಅದನ್ನು ನಮ್ಮ ‘ಚ’ ಎಂದು ಓದಬಾರದು. ಅದು ಗಂಟಲಲ್ಲಿ ಉಸಿರನ್ನು ಕ್ಷಣಕಾಲ ತಡೆದು ಬಿಡುವ ಧ್ವನಿ. ಜರ್ಮನ್ನರು ಬರೆದ ರೀತಿ ಹಾಗೆಯೇ ಉಳಿದುಕೊಂಡಿದೆ. ನಾವು ವರ್ಣಮಾಲೆಯಲ್ಲಿ ಕಲಿತು ಮುಂದೆ ಎಂದೂ ಬರೆಯದ ‘ಙ’ ಕೂಡ ಅಲ್ಲಿ ಪದದ ಮೊದಲಿಗೇ ಬರುತ್ತದೆ. ರಾಜಧಾನಿಯ ಹೆಸರೇ ಙೆರುಲ್ಮುದ್. ಜಪಾನಿ ಆಳ್ವಿಕೆಯ ಕಾಲದಲ್ಲಿ ಸೇರಿದ ‘ದೆನ್ವಾ’ ಎಂಬ ದೂರವಾಣಿಯ ಪದ ಅವರ ಬಾಯಲ್ಲಿ ‘ದೆಙುವಾ’ ಆಗಿದೆ, ಏಕೆಂದರೆ ಅವರ ಮೂಲ ಧ್ವನಿಗಳಲ್ಲಿ ‘ನ’ ಇಲ್ಲ.

ಪ್ರಶ್ನಾವಳಿಯ ಒಂದು ಪುಟದಲ್ಲಿ ಮನುಷ್ಯನ ಚಿತ್ರವಿತ್ತು. ನೋವಿರುವ ಜಾಗವನ್ನು ಗುರುತಿಸಲು ತಲೆ, ಕೈ, ಕಾಲು ಎಂದು ಅದರ ಸುತ್ತ ಬರೆದಿದ್ದರು. ಅನುವಾದಕಿ ಕೇಳಿದ ಪ್ರಶ್ನೆ: ‘ಯಾರ ತಲೆ?’ ಕನ್ನಡದಲ್ಲಿ ತಲೆ ಎಂಬ ಪದ ತನ್ನಷ್ಟಕ್ಕೆ ನಿಲ್ಲುತ್ತದೆ. ಪಲಾವುವನ್‌ನಲ್ಲಿ ಅದು ಯಾರದೆಂಬುದು ಪದದೊಳಗೇ ಸೇರಿರಬೇಕು. ಬ್ದೆಲುಕ್ ಎಂದರೆ ನನ್ನ ತಲೆ, ಬ್ದೆಲುಮ್ ಎಂದರೆ ನಿನ್ನ ತಲೆ, ಬ್ದೆಲುಲ್ ಎಂದರೆ ಅವನ ಅಥವಾ ಅವಳ ತಲೆ. ಪ್ರಶ್ನೆ ಕೇಳುತ್ತಿರುವುದು ಆಸ್ಪತ್ರೆಯಾದ್ದರಿಂದ ‘ನಿನ್ನ’ ಎಂಬ ರೂಪವೇ ಸರಿ ಎಂದು ಮೊದಲು ಎಣಿಸಿದೆವು. ಆದರೆ ಎಷ್ಟೋ ಸಲ ನಮೂನೆ ತುಂಬುವವರು ರೋಗಿಯ ಮಗಳೋ ಸೊಸೆಯೋ ಆಗಿರುತ್ತಾರೆ, ಅವರು ಓದಿದಾಗ ‘ನಿನ್ನ ತಲೆ’ ತಮ್ಮದೇ ತಲೆಯಾಗುತ್ತದೆ. ಕೊನೆಗೆ ಚಿತ್ರದಲ್ಲಿರುವ ಮನುಷ್ಯನ ಅಂಗಗಳನ್ನೇ ಹೆಸರಿಸುವಂತೆ ಮೂರನೆಯ ರೂಪವನ್ನು ಬಳಸಿದೆವು.

ಸಂಖ್ಯೆಗಳ ಮಾತು ಬೇಗ ಮುಗಿಯಿತು. ಮೂರು ಜನರಿಗೆ, ಮೂರು ವಸ್ತುಗಳಿಗೆ, ಮೂರು ಗಂಟೆ ಅಥವಾ ತಿಂಗಳಿಗೆ ಅಲ್ಲಿ ಬೇರೆ ಬೇರೆ ರೂಪಗಳಿವೆ. ನಾವೂ ಮೂವರು, ಮೂರು ಎಂದು ಭೇದ ಮಾಡುತ್ತೇವಾದ್ದರಿಂದ ಇದು ನನಗೆ ಅಪರಿಚಿತವೆನಿಸಲಿಲ್ಲ. ಮಾತ್ರೆಗಳ ಲೆಕ್ಕವನ್ನು ನರ್ಸ್ ಕೈಯಿಂದ ತುಂಬುವುದರಿಂದ ಅಂಕಿಯನ್ನೇ ಬರೆಯಲು ಜಾಗ ಬಿಟ್ಟೆವು, ಓದುವವರು ತಮಗೆ ಸರಿಯಾದ ರೂಪದಲ್ಲಿ ಓದಿಕೊಳ್ಳುತ್ತಾರೆ. ಕ್ರಿಯಾಪದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಯಿತು. ತಿನ್ನುತ್ತಿರುವುದಕ್ಕೂ ತಿಂದು ಮುಗಿಸುವುದಕ್ಕೂ ಆ ಭಾಷೆಯಲ್ಲಿ ಬೇರೆ ಬೇರೆ ಕ್ರಿಯಾರೂಪಗಳಿವೆ, ಮತ್ತು ಸೋಂಕಿನ ಔಷಧವನ್ನು ಗುಣವಾದಂತೆ ಕಂಡರೂ ಪೂರ್ತಿ ಮುಗಿಸಬೇಕು ಎಂಬ ಸೂಚನೆಯಲ್ಲಿ ಮುಗಿಸುವ ರೂಪವೇ ಇರಬೇಕು. ಇದನ್ನು ಅನುವಾದಕಿ ನಮ್ಮನ್ನು ಕೇಳದೆಯೇ ಸರಿಯಾಗಿ ಮಾಡಿದ್ದರು.

‘ಹತ್ತಿರದ ಸಂಬಂಧಿ’ ಎಂಬಲ್ಲಿ ಇಬ್ಬರಿಗೂ ಅಳುಕಿತ್ತು. ಪಲಾವು ಮಾತೃವಂಶದ ಸಮಾಜ. ಕುಟುಂಬದ ದೊಡ್ಡ ವಿಷಯಗಳಲ್ಲಿ ತಾಯಿಯ ಸೋದರನ ಮಾತಿಗೆ ತೂಕವಿದೆ. ನಮ್ಮ ಕರಾವಳಿಯ ಅಳಿಯ ಸಂತಾನದ ಮನೆಗಳನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆದರೆ ರೋಗಿಗೆ ಪ್ರಜ್ಞೆ ಇಲ್ಲದಾಗ ಸಹಿ ಹಾಕುವವರು ಯಾರೆಂಬುದು ಆಸ್ಪತ್ರೆ ಇರುವ ರಾಜ್ಯದ ಕಾನೂನಿನ ಪ್ರಶ್ನೆ, ಅನುವಾದದಲ್ಲಿ ಅದನ್ನು ಬದಲಿಸುವಂತಿಲ್ಲ. ಸಂಬಂಧಿ ಎಂಬ ಸಡಿಲ ಪದವನ್ನು ಬಿಟ್ಟು, ಯಾರು ಯಾರು ಸಹಿ ಹಾಕಬಹುದೆಂದು ಬಿಡಿಸಿ ಬರೆದುಕೊಡಲು ಆಸ್ಪತ್ರೆಯ ಕಾನೂನು ವಿಭಾಗವನ್ನು ಕೋರಿದೆವು, ಆ ಪಟ್ಟಿಯನ್ನೇ ಅನುವಾದಿಸಿದೆವು.

ಅಡಿಕೆಯ ಪ್ರಶ್ನೆ

ಈ ಕಡತದಲ್ಲಿ ನಾನು ನಿಜವಾಗಿ ನೆರವಾಗಬಲ್ಲವನಾಗಿದ್ದದ್ದು ಒಂದೇ ಕಡೆ. ಪ್ರಶ್ನಾವಳಿಯಲ್ಲಿ ‘ಬೀಟಲ್ ನಟ್ ಬಳಸುತ್ತೀರಾ, ಹೌದು ಅಥವಾ ಇಲ್ಲ’ ಎಂಬ ಸಾಲಿತ್ತು. ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು. ಇಂಗ್ಲಿಷಿನ ಆ ಹೆಸರೇ ಗೊಂದಲದ್ದು. ಬೀಟಲ್ ಎಂಬುದು ಮಲಯಾಳದ ವೆಟ್ಟಿಲದಿಂದ ಬಂದ ಎಲೆಯ ಹೆಸರು, ಅದನ್ನು ಕಾಯಿಗೆ ಅಂಟಿಸಿದ್ದಾರೆ. ಪಲಾವುವಿನಲ್ಲಿ ಅಡಿಕೆಗೆ ಬೂಉಚ್ ಎಂದು ಬರೆಯುವ ಪದವಿದೆ, ಅದರ ಕೊನೆಯಲ್ಲಿರುವುದು ಮೇಲೆ ಹೇಳಿದ ಗಂಟಲ ತಡೆ. ಎಲೆಗೆ ಕೆಬುಯ್, ಸುಣ್ಣಕ್ಕೆ ಬೇರೆಯೇ ಪದ. ಹಸಿ ಅಡಿಕೆಯನ್ನು ಸೀಳಿ, ಸುಣ್ಣ ಹಾಕಿ, ಎಲೆಯ ತುಂಡಿನೊಡನೆ ಜಗಿಯುತ್ತಾರೆ. ಎಷ್ಟೋ ಜನ ಅದಕ್ಕೆ ತಂಬಾಕನ್ನೂ ಸೇರಿಸುತ್ತಾರೆ. ನಮ್ಮ ಮನೆಯ ಜಗಲಿಯಲ್ಲಿ ಕವಳದ ಹರಿವಾಣದ ಮುಂದೆ ಕೂತವರಿಗೆ ಇದರಲ್ಲಿ ವಿವರಿಸಬೇಕಾದದ್ದು ಏನೂ ಇಲ್ಲ.

ವೈದ್ಯರಿಗೆ ಬೇಕಾದ ಉತ್ತರ ಒಂದಲ್ಲ. ಅಡಿಕೆ ತಾನೇ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ತಂಬಾಕು ಸೇರಿದರೆ ಅಪಾಯ ಬೇರೆಯೇ ಆಗುತ್ತದೆ. ಎಲೆಯಡಿಕೆಗೆ ತಂಬಾಕು ಸೇರಿಸಿ ಜಗಿಯುವವರನ್ನು ‘ತಂಬಾಕು ಬಳಸುತ್ತೀರಾ’ ಎಂದು ಕೇಳಿದರೆ ಅವರು ಸಿಗರೇಟನ್ನೇ ನೆನೆದು ಇಲ್ಲ ಎನ್ನಬಹುದು. ನಮ್ಮೂರಿನಲ್ಲಿ ಹೊಗೆಸೊಪ್ಪು ಹಾಕುವ ಹಿರಿಯರೂ ಹಾಗೆಯೇ ಹೇಳುತ್ತಾರೆ, ಸುಳ್ಳು ಹೇಳುವ ಉದ್ದೇಶದಿಂದ ಅಲ್ಲ. ಈ ಕಾರಣಗಳನ್ನು ಬರೆದು, ಮೂಲ ಇಂಗ್ಲಿಷ್ ಪ್ರಶ್ನೆಯನ್ನೇ ಮೂರಾಗಿ ಒಡೆಯಬೇಕೆಂದು ಕೇಳಿಕೊಂಡೆ: ಅಡಿಕೆ ಜಗಿಯುತ್ತೀರಾ, ಅದರೊಂದಿಗೆ ತಂಬಾಕು ಇರುತ್ತದೆಯೇ, ದಿನಕ್ಕೆ ಎಷ್ಟು ಸಲ. ಆಸ್ಪತ್ರೆಯವರು ತಮ್ಮ ವೈದ್ಯರನ್ನು ಕೇಳಿ ಒಪ್ಪಿದರು. ಮೂಲ ಸರಿಯಾಗದೆ ಅನುವಾದ ಸರಿಯಾಗುವುದಿಲ್ಲ ಎಂದು ಗ್ರಾಹಕರಿಗೆ ಹೇಳುವ ಧೈರ್ಯ ನಮ್ಮ ವೃತ್ತಿಯಲ್ಲಿ ಇನ್ನೂ ಹೆಚ್ಚಬೇಕು ಎಂದು ನಾನು ನಂಬುತ್ತೇನೆ.

‘ನಾವು’ ಎಂದರೆ ಯಾರು

ಎಲ್ಲ ಜರಡಿಗಳನ್ನೂ ದಾಟಿದ ತಪ್ಪು ಸಂಭವಿಸಿದ್ದು ‘ನಾವು’ ಎಂಬ ಪದದಲ್ಲಿ. ಕೇಳುವವರನ್ನೂ ಸೇರಿಸಿದ ನಾವು, ಅವರನ್ನು ಬಿಟ್ಟ ನಾವು ಎಂಬ ಎರಡು ಪದಗಳು ತೆಲುಗಿನಲ್ಲೂ ತಮಿಳಿನಲ್ಲೂ ಇವೆ. ಮನಂ, ಮೇಮು ಎಂಬ ಭೇದ ಬೆಂಗಳೂರಿನಲ್ಲಿ ತೆಲುಗು ಕಿವಿಗೆ ಬಿದ್ದವರಿಗೆಲ್ಲ ಗೊತ್ತು. ಇಂದಿನ ಕನ್ನಡಕ್ಕೂ ಇಂಗ್ಲಿಷಿಗೂ ಆ ಭೇದವಿಲ್ಲ. ಪಲಾವುವನ್‌ಗೆ ಇದೆ: ರೋಗಿಯನ್ನೂ ಸೇರಿಸಿಕೊಂಡು ಹೇಳುವಾಗ ಕೆದೆ, ಹೊರಗಿಟ್ಟು ಹೇಳುವಾಗ ಅಕಿ.

‘ಶಸ್ತ್ರಚಿಕಿತ್ಸೆಗೆ ಮೊದಲು ನಾವು ಇದನ್ನು ಪರಿಶೀಲಿಸುತ್ತೇವೆ’ ಎಂಬ ಒಂದೇ ಇಂಗ್ಲಿಷ್ ವಾಕ್ಯ ಕಡತದಲ್ಲಿ ಎರಡು ಕಡೆ ಬಂದಿತ್ತು. ಮೂರನೆಯ ಪುಟದಲ್ಲಿ, ರೋಗಿಯೂ ವೈದ್ಯರೂ ಒಟ್ಟಿಗೆ ಕುಳಿತು ನಿರ್ಧರಿಸುವ ಸಂದರ್ಭದಲ್ಲಿ ಬಂದಾಗ ಅನುವಾದಕಿ ಸರಿಯಾಗಿ ಕೆದೆ ಬಳಸಿದ್ದರು. ಒಂಬತ್ತನೆಯ ಪುಟದಲ್ಲಿ ಅದೇ ವಾಕ್ಯ ಆಸ್ಪತ್ರೆಯ ಸಿಬ್ಬಂದಿ ರೋಗಿಯ ಹಳೆಯ ದಾಖಲೆಗಳನ್ನು ನೋಡುವುದಕ್ಕೆ ಸಂಬಂಧಿಸಿತ್ತು; ಅಲ್ಲಿ ಅಕಿ ಇರಬೇಕಿತ್ತು. ಆದರೆ ನಮ್ಮ ಅನುವಾದ ತಂತ್ರಾಂಶ ಒಮ್ಮೆ ಅನುವಾದವಾದ ವಾಕ್ಯ ಮತ್ತೆ ಬಂದರೆ ಹಿಂದಿನದನ್ನೇ ತಾನಾಗಿ ತುಂಬಿ, ಬೀಗ ಹಾಕಿಬಿಡುತ್ತದೆ. ಮರುಕಳಿಸಿದ ವಾಕ್ಯಕ್ಕೆ ಹಣ ಕೊಡಬೇಕಾಗಿಲ್ಲವೆಂಬ ಲೆಕ್ಕದಿಂದ ಆ ವ್ಯವಸ್ಥೆಯನ್ನು ಹಾಗೆ ಇಟ್ಟವರು ನಾವೇ. ಶಿಕ್ಷಕಿಯ ಪರದೆಯಲ್ಲಿ ಆ ಸಾಲು ತಿದ್ದಲು ತೆರೆದುಕೊಂಡೇ ಇರಲಿಲ್ಲ. ಪರಿಷ್ಕರಿಸಿದವರ ಪರದೆಯಲ್ಲೂ ಅದು ಮುಗಿದ ಕೆಲಸವೆಂದು ಹಸಿರಾಗಿಯೇ ಕಂಡಿತ್ತು.

ಇನ್ನು ಹಿಮ್ಮುಖ ಅನುವಾದ. ಆಸ್ಪತ್ರೆಯ ಕಾಗದಗಳಲ್ಲಿ ಅನುವಾದವನ್ನು ಮೂರನೆಯವರೊಬ್ಬರಿಂದ ಮರಳಿ ಇಂಗ್ಲಿಷಿಗೆ ತರಿಸಿ ಮೂಲದೊಡನೆ ಹೋಲಿಸುವ ಕ್ರಮವಿದೆ. ಗ್ರಾಹಕರಿಗೆ ಅದರ ಮೇಲೆ ಬಹಳ ಭರವಸೆ. ನಾವು ಅದನ್ನೂ ಮಾಡಿಸಿದೆವು. ಕೆದೆ ಮರಳಿ ಇಂಗ್ಲಿಷಿಗೆ ಬಂದಾಗ ‘ನಾವು’ ಆಯಿತು, ಅಕಿ ಇದ್ದಿದ್ದರೂ ‘ನಾವು’ ಎಂದೇ ಆಗುತ್ತಿತ್ತು. ಎರಡೂ ಪುಟಗಳು ಮೂಲದೊಡನೆ ಅಕ್ಷರಶಃ ಹೊಂದಿಕೊಂಡವು. ಇಂಗ್ಲಿಷಿನಲ್ಲಿ ಇಲ್ಲದ ಭೇದವನ್ನು ಇಂಗ್ಲಿಷಿನ ಮೂಲಕ ಪರೀಕ್ಷಿಸಲು ಬರುವುದಿಲ್ಲ ಎಂಬುದು ಹೇಳಿದರೆ ಸರಳವೆನಿಸುತ್ತದೆ. ಈ ವೃತ್ತಿಯಲ್ಲಿ ವರ್ಷಗಳಿಂದ ಇದ್ದರೂ ಅದು ನನಗೆ ಹೊಳೆದದ್ದು ಅಂದೇ.

ತಪ್ಪು ಸಿಕ್ಕಿದ್ದು ಕೊರೋರ್‌ನವರ ಒತ್ತಾಯದಿಂದ. ಸಹಿ ಹಾಕುವ ಹಿರಿಯರಲ್ಲಿ ಅನೇಕರು ನಮೂನೆಯನ್ನು ತಾವೇ ಓದುವುದಿಲ್ಲ, ಯಾರಾದರೂ ಓದಿ ಹೇಳಿದ್ದನ್ನು ಕೇಳುತ್ತಾರೆ, ಆದ್ದರಿಂದ ಒಪ್ಪಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು ಎಂದು ಅವರು ಪಟ್ಟು ಹಿಡಿದರು. ಗಡುವಿಗೆ ಉಳಿದಿದ್ದದ್ದು ಒಂದು ದಿನ; ನಾನು ಮೊದಲು ಒಪ್ಪಲಿಲ್ಲ, ಅವರೇ ಆಸ್ಪತ್ರೆಗೆ ಬರೆದು ಎರಡು ದಿನ ಹೆಚ್ಚಿಗೆ ಪಡೆದರು. ಆ ಸಂಜೆ ತಮ್ಮ ದೊಡ್ಡಮ್ಮನನ್ನು ಕೂರಿಸಿಕೊಂಡು ಹನ್ನೊಂದೂ ಪುಟಗಳನ್ನು ಓದಿದರು. ಒಂಬತ್ತನೆಯ ಪುಟಕ್ಕೆ ಬಂದಾಗ ಆ ಹಿರಿಯರು ತಡೆದು ಕೇಳಿದರಂತೆ: ‘ಆಸ್ಪತ್ರೆಯವರು ನನ್ನ ಹಳೇ ಕಾಗದ ನೋಡುವಾಗ ನಾನೂ ಜೊತೆಗೆ ಕೂರಬೇಕೇನು? ನನ್ನನ್ನು ಯಾವಾಗ ಕರೆಯುತ್ತಾರೆ?’

ಆ ನಮೂನೆ ಹಾಗೆಯೇ ಹೋಗಿದ್ದರೆ, ತಾನಿಲ್ಲದೆ ತನ್ನ ದಾಖಲೆಗಳನ್ನು ಯಾರೂ ತೆರೆಯುವುದಿಲ್ಲ ಎಂದು ನಂಬಿ ರೋಗಿ ಸಹಿ ಹಾಕುತ್ತಿದ್ದರು. ಆ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು.

ಕೈಗೊಂಡ ಕ್ರಮಗಳು

ಒಂಬತ್ತನೆಯ ಪುಟದ ಕೆದೆಯನ್ನು ಅಕಿ ಎಂದು ತಿದ್ದಿ, ಕಡತದಲ್ಲಿ ‘ನಾವು’ ಬಂದ ಎಲ್ಲ ಜಾಗಗಳನ್ನೂ ಒಂದೊಂದಾಗಿ ಮತ್ತೆ ನೋಡಿದೆವು. ಇನ್ನೊಂದು ಕಡೆಯೂ ಅದೇ ರೀತಿ ತಾನಾಗಿ ತುಂಬಿಕೊಂಡ ಸಾಲು ಸಿಕ್ಕಿತು. ಪಲಾವುವನ್ ಕೆಲಸಗಳಿಗೆ ಮರುಕಳಿಸಿದ ವಾಕ್ಯಗಳನ್ನು ಬೀಗ ಹಾಕದೆ ತೆರೆದಿಡುವಂತೆ ತಂತ್ರಾಂಶವನ್ನು ಬದಲಿಸಿದೆವು. ಕೆಲಸ ಬಂದ ಕೂಡಲೇ ಮೂಲದಲ್ಲಿರುವ ಪ್ರತಿ ‘ನಾವು’ವಿನ ಪಕ್ಕದಲ್ಲಿ ರೋಗಿ ಸೇರಿದ್ದಾರೆಯೇ ಇಲ್ಲವೇ ಎಂದು ಗ್ರಾಹಕರಿಂದಲೇ ಬರೆಸಿಕೊಳ್ಳುತ್ತೇವೆ. ಮೊದಮೊದಲು ಇದು ಅವರಿಗೆ ಕಿರಿಕಿರಿ ಎನಿಸಿತು. ತಮ್ಮ ವಾಕ್ಯದಲ್ಲಿ ‘ನಾವು’ ಯಾರೆಂದು ಬರೆದವರಿಗೇ ಖಚಿತವಿಲ್ಲದ ಎರಡು ಜಾಗಗಳು ಆ ಪ್ರಯತ್ನದಲ್ಲಿ ಹೊರಬಂದ ಮೇಲೆ ಅವರೂ ಒಪ್ಪಿದರು.

ಹಣದ ವಿಷಯವನ್ನೂ ಹೇಳಬೇಕು. ಪದಕ್ಕೆ ಇಷ್ಟೆಂದು ಕೊಡುವ ಪದ್ಧತಿಯಲ್ಲಿ, ಕಾಗುಣಿತದ ಚರ್ಚೆಗೆ ಕೂತ ಸಂಜೆಗಳಿಗೂ, ಪ್ರಶ್ನೆಯನ್ನು ಮೂರಾಗಿ ಒಡೆಯಲು ನಡೆದ ಪತ್ರವ್ಯವಹಾರಕ್ಕೂ, ಗಟ್ಟಿಯಾಗಿ ಓದಿದ ಮೂರು ಗಂಟೆಗಳಿಗೂ ಬೆಲೆಯೇ ಇರಲಿಲ್ಲ. ಈ ಕಡತದಲ್ಲಿ ಅತ್ಯಂತ ಅಗತ್ಯವಾದ ಕೆಲಸ ನಡೆದದ್ದು ಆ ಗಂಟೆಗಳಲ್ಲೇ. ಈಗ ಈ ಭಾಷೆಗೆ ಗಂಟೆಯ ಲೆಕ್ಕದಲ್ಲಿ ಕೊಡುತ್ತೇವೆ. ಓದಿಸಿ ಕೇಳಿದ ಹಿರಿಯರ ಸಮಯಕ್ಕೂ ಬೇರೆಯಾಗಿ ಕೊಟ್ಟೆವು. ಕೆಲಸದಲ್ಲಿ ರೂಪುಗೊಂಡ ಪದಪಟ್ಟಿಯ ಪ್ರತಿ ಅನುವಾದಕಿ ಮತ್ತು ಪರಿಷ್ಕರಿಸಿದವರಿಬ್ಬರ ಬಳಿಯೂ ಇರುತ್ತದೆ, ಬೇರೆ ಸಂಸ್ಥೆಯ ಕೆಲಸಕ್ಕೂ ಅವರು ಅದನ್ನು ಬಳಸಬಹುದು ಎಂದು ಕರಾರಿನಲ್ಲಿ ಬರೆದೆವು.

ಅದೇ ಆಸ್ಪತ್ರೆಯಿಂದ ಮುಂದಿನ ಕಡತ ಬಂದದ್ದು ನಾಲ್ಕು ತಿಂಗಳ ಬಳಿಕ, ಮಧುಮೇಹದವರ ಪಾದದ ಆರೈಕೆಯ ಆರು ಪುಟಗಳ ಕೈಪಿಡಿ. ಈ ಸಲ ಅದು ‘ಪಿಎಯು’ ಸಂಕೇತದೊಂದಿಗೆ ನೇರವಾಗಿ ಗುವಾಮ್‌ಗೆ ಹೋಯಿತು. ಇಂಗ್ಲಿಷ್ ಮೂಲದ ಅಂಚಿನಲ್ಲಿ, ಪ್ರತಿ ‘ನಾವು’ವಿನ ಎದುರಿಗೆ, ಆಸ್ಪತ್ರೆಯವರೇ ಕೆದೆ ಅಥವಾ ಅಕಿ ಎಂದು ಬರೆದು ಕಳಿಸಿದ್ದರು.